ಹತ್ತಿಯ ಗುಲಾಬಿ ಹುಳು ಹೊತ್ತು ತಿಳಿಯುವುದು ಹೇಗೆ?

ಆದೋನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದಿ ಕಡೆಯ ಒಕ್ಕಲು ಮಕ್ಕಳಿಗೆ ಗುಲಾಬಿ ಕಾಯಿಕೊರಕದ ಪರಿಚಯ ಹೇಳಬೇಕಾಗಿಲ್ಲ. ಹೊರಗೆ ಚೆನ್ನಾಗಿ ಕಾಣುವ ಕಾಯಿಯನ್ನು ಒಡೆದು ನೋಡಿದರೆ, ಒಳಗೆ ಬೀಜ ತಿಂದು, ಅರಳೆಗೆ ಕಲೆ ಹಿಡಿಸಿ ಕುಳಿತಿರುತ್ತದೆ. ಅಂಥ ಹತ್ತಿಯನ್ನು ಮಾರುಕಟ್ಟೆಗೆ ಒಯ್ದರೆ ಬೆಲೆ ಇಳಿಯುತ್ತದೆ, ಸಾಲ ಉಳಿಯುತ್ತದೆ. 2006ರಲ್ಲಿ ಬಂದ ಎರಡು ಜೀನಿನ ಬಿಟಿ ಬೀಜಕ್ಕೂ ಈ ಹುಳು ಕೆಲವೇ ವರ್ಷಗಳಲ್ಲಿ ಒಗ್ಗಿಕೊಂಡಿತು. ಕಾಯಿಯೊಳಗೆ ಸೇರಿದ ಮೇಲೆ ಔಷಧಿ ಅದನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ವೈರಿಯ ದಿನಚರಿಯನ್ನು ತಿಳಿದುಕೊಳ್ಳುವುದು ಲಾಭದಾಯಕ.

ಈ ಹುಳು ನಮ್ಮ ದೇಶಕ್ಕೆ ಹೊಸದಲ್ಲ. ಗುಜರಾತಿನ ಭರೂಚ್‌ನಿಂದ ಕಳುಹಿಸಿದ ಮಾದರಿಗಳನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷ್ ಕೀಟತಜ್ಞರು 1843ರಲ್ಲಿ ಇದಕ್ಕೆ ಮೊದಲ ಬಾರಿ ಶಾಸ್ತ್ರೀಯ ಹೆಸರು ಕೊಟ್ಟರು. ಮುಂದೆ ಇದು ಹತ್ತಿ ಬೆಳೆಯುವ ಅನೇಕ ದೇಶಗಳಿಗೆ ಹರಡಿತು. ಅಮೆರಿಕದ ವಿಜ್ಞಾನಿ ಕಾಲಿನ್ ಪಿಟೆಂಡ್ರಿಗ್ ಮತ್ತು ಡೊರೊಥಿಯಾ ಮಿನಿಸ್ 1960ರ ದಶಕದಲ್ಲಿ ಜೀವಿಗಳ ಮೈಯೊಳಗಿನ ಗಡಿಯಾರವನ್ನು ಅರಿಯಲು ಆರಿಸಿಕೊಂಡ ಜೀವಿಗಳಲ್ಲಿ ಇದೇ ಹತ್ತಿಯ ಹುಳುವೂ ಒಂದು.

ಮೈಯೊಳಗಿನ ಗಡಿಯಾರ ಎಂದರೇನು? ಕೋಳಿ ಕತ್ತಲಿರುವಾಗಲೇ ಕೂಗುತ್ತದೆ. ಸೂರ್ಯ ಹುಟ್ಟುವವರೆಗೆ ಕಾಯುವುದಿಲ್ಲ. ಅದರ ದೇಹವೇ ಸುಮಾರು 24 ಗಂಟೆಗೊಮ್ಮೆ ಸುತ್ತು ಮುಗಿಸುತ್ತದೆ. ಕೀಟಗಳಲ್ಲಿಯೂ ಹಾಗೆಯೇ. ಗುಲಾಬಿ ಹುಳುವಿನ ಮೊಟ್ಟೆಗಳು ಯಾವಾಗ ಬೇಕೆಂದರೆ ಆಗ ಒಡೆಯುವುದಿಲ್ಲ, ದಿನದ ಒಂದು ಗೊತ್ತಾದ ಹೊತ್ತಿನಲ್ಲಿ ಗುಂಪಾಗಿ ಒಡೆಯುತ್ತವೆ. ಹೆಣ್ಣು ಪತಂಗವು ನಡುರಾತ್ರಿ ಕಳೆದ ಮೇಲೆ ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಹಗಲಿನಲ್ಲಿ ನೆಲದ ಬಿರುಕಿನಲ್ಲೋ ಕಸದ ಅಡಿಯಲ್ಲೋ ಅಡಗಿರುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, 600 ತಲೆಮಾರುಗಳ ಕಾಲ ಹಗಲು ರಾತ್ರಿ ಎನ್ನದೆ ಬೆಳಕಿನಲ್ಲಿಯೇ ಬೆಳೆದುಬಂದ ಹಣ್ಣಿನ ನೊಣಗಳನ್ನು ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದರು. ಅಷ್ಟು ತಲೆಮಾರು ರಾತ್ರಿಯನ್ನೇ ಕಾಣದಿದ್ದರೂ ಆ ನೊಣಗಳ ಗಡಿಯಾರ ಅಳಿದಿರಲಿಲ್ಲ. ಇದು ಕಲಿತ ಅಭ್ಯಾಸವಲ್ಲ, ಹುಟ್ಟಿನಿಂದಲೇ ಬಂದದ್ದು.

ಆದರೆ ಯಾವ ಗಡಿಯಾರವಾದರೂ ಸ್ವಲ್ಪ ಹಿಂದೆ ಮುಂದೆ ಹೋಗುತ್ತದೆ. ಅದನ್ನು ದಿನಾಲೂ ಸರಿಪಡಿಸುವ ಕೈ ಯಾವುದು? ಬೆಳಕು. ಹಣ್ಣಿನ ನೊಣದ ಮೆದುಳಿನ ಗಡಿಯಾರ ಜೀವಕೋಶಗಳಲ್ಲಿ ಬೆಳಕನ್ನು ಹಿಡಿಯುವ ಒಂದು ಪ್ರೋಟೀನ್ ಇದೆಯೆಂದು 1998ರಲ್ಲಿ ತಿಳಿದುಬಂತು. ಅದರ ಹೆಸರು ಕ್ರಿಪ್ಟೋಕ್ರೋಮ್. ಬೆಳಕು ತಾಗಿದ ಕೂಡಲೆ ಅದು ಗಡಿಯಾರದ ಇನ್ನೊಂದು ಪ್ರೋಟೀನನ್ನು ನಾಶಮಾಡಿಸುತ್ತದೆ. ಗಡಿಯಾರ ಹೊರಗಿನ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಈ ನೊಣದ ಗಡಿಯಾರದ ಒಳಕೆಲಸವನ್ನು ಬಿಡಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಎಲ್ಲ ಬಣ್ಣದ ಬೆಳಕೂ ಒಂದೇ ಅಲ್ಲ. ಗುಲಾಬಿ ಹುಳುವಿನ ಮೊಟ್ಟೆ ಒಡೆಯುವ ಹೊತ್ತನ್ನು ನೀಲಿ ಬೆಳಕು ಬದಲಿಸುತ್ತದೆ, ಕೆಂಪು ಬೆಳಕು ಬದಲಿಸದು ಎಂದು 1969ರಲ್ಲಿಯೇ ಕಂಡುಕೊಂಡಿದ್ದರು.

ಇನ್ನೊಂದು ಸೋಜಿಗವಿದೆ. ಈ ಕೆಲಸಕ್ಕೆ ಕಣ್ಣೇ ಬೇಕೆಂದಿಲ್ಲ. ಟ್ರೂಮನ್ ಮತ್ತು ರಿಡಿಫರ್ಡ್ ಎಂಬ ವಿಜ್ಞಾನಿಗಳು ರೇಷ್ಮೆ ಜಾತಿಯ ದೊಡ್ಡ ಪತಂಗದ ಕೋಶದಿಂದ ಮೆದುಳನ್ನು ತೆಗೆದು ಅದರ ಹೊಟ್ಟೆಯೊಳಗೆ ಇಟ್ಟರು. ಆಗಲೂ ಪತಂಗ ತನ್ನ ಹೊತ್ತಿಗೇ ಹೊರಬಂತು. ಬೇರೆ ಜಾತಿಯ ಮೆದುಳನ್ನು ಇಟ್ಟಾಗ ಆ ಜಾತಿಯ ಹೊತ್ತಿಗೆ ಹೊರಬಂತು. 1970ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಮೆದುಳೇ ಬೆಳಕನ್ನು ನೇರವಾಗಿ ಅರಿಯುತ್ತದೆ ಎಂಬುದು ಸ್ಪಷ್ಟವಾಯಿತು.

ಈಗ ನಮ್ಮ ಹೊಲಕ್ಕೆ ಬರೋಣ. ಹುಳು ದಿನದ ಹೊತ್ತನ್ನು ಮಾತ್ರವಲ್ಲ, ಹಗಲಿನ ಉದ್ದವನ್ನೂ ಅಳೆಯುತ್ತದೆ. ನಮ್ಮ ಆದೋನಿ ಸೀಮೆಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರ್ ತಿಂಗಳ ಹಗಲು ಸುಮಾರು 11 ಗಂಟೆ 15 ನಿಮಿಷ. ಹಗಲು ಕುಗ್ಗಿ, ಚಳಿ ಬಿದ್ದು, ಕಾಯಿ ಬಲಿತಾಗ ಪೂರ್ತಿ ಬೆಳೆದ ಹುಳುಗಳಲ್ಲಿ ಕೆಲವು ಕೋಶವಾಗುವುದನ್ನು ನಿಲ್ಲಿಸಿ ದೀರ್ಘ ನಿದ್ರೆಗೆ ಹೋಗುತ್ತವೆ. ಎರಡು ಬೀಜಗಳನ್ನು ನೂಲಿನಿಂದ ಜೋಡಿಸಿ ಒಳಗೆ ಮಲಗುತ್ತವೆ. ಒಣಗಿದ ಕಾಯಿ, ಕಟ್ಟಿಗೆ ರಾಶಿ, ಜಿನ್ನಿಂಗ್ ಮಿಲ್ಲಿನ ಬೀಜ, ನೆಲದ ಬಿರುಕು ಇವೇ ಅವುಗಳ ಮನೆ. ನಮ್ಮದು ಬಿಸಿಸೀಮೆಯಾದ್ದರಿಂದ ಎಲ್ಲ ಹುಳುಗಳೂ ಮಲಗುವುದಿಲ್ಲ. ಹೊಲದಲ್ಲಿ ಹಸಿರು ಹತ್ತಿ ಉಳಿದಿದ್ದರೆ ಉಳಿದವು ಬೇಸಿಗೆಯವರೆಗೂ ಪೀಳಿಗೆ ಬೆಳೆಸುತ್ತವೆ. ಅಂದರೆ ಮುಂದಿನ ವರ್ಷದ ಹುಳುವನ್ನು ಈ ವರ್ಷದ ಕೊನೆಯ ಬಿಡಿಸುವಿಕೆಯಲ್ಲಿ ನಾವೇ ಸಾಕುತ್ತೇವೆ.

ಇದರಿಂದ ರೈತಬಾಂಧವರು ಮಾಡಬೇಕಾದ್ದು ಇಷ್ಟು:

1. ಕಾಲುವೆ ನೀರಿದೆ, ಇನ್ನೊಂದು ಬಿಡಿಸುವಿಕೆ ಆದೀತೆಂಬ ಆಸೆಯಿಂದ ಬೆಳೆಯನ್ನು ಎಳೆಯಬೇಡಿ. ಡಿಸೆಂಬರ್ ಕೊನೆ ಅಥವಾ ಜನವರಿಯೊಳಗೆ ಮುಗಿಸಿ. ನಂತರ ಕುರಿ ಮೇಕೆ ಬಿಟ್ಟು ಉಳಿದ ಕಾಯಿ ಮೇಯಿಸಿ.

2. ಹತ್ತಿ ಕಟ್ಟಿಗೆಯನ್ನು ಒಲೆಗೆಂದು ಹೊಲದ ಬದುವಿನಲ್ಲಿ ರಾಶಿ ಹಾಕಬೇಡಿ. ಸೌದೆಗೆ ಬೇಕಾದರೆ ಒಣಕಾಯಿ ಉದುರಿಸಿ ನಾಶಮಾಡಿ, ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಖರ್ಚುಮಾಡಿ.

3. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ. ಊರಿನವರೆಲ್ಲ ಒಂದೇ ಸಮಯಕ್ಕೆ, ಮುಂಗಾರು ಹದ ನೋಡಿ ಬಿತ್ತಿ. ನಿದ್ರೆಯಿಂದೆದ್ದ ಪತಂಗಕ್ಕೆ ಹೊಲದಲ್ಲಿ ಮೊಗ್ಗು ಸಿಗದಿದ್ದರೆ ಅದರ ಪೀಳಿಗೆ ಅಲ್ಲಿಗೇ ಮುಗಿಯುತ್ತದೆ.

4. ಎಕರೆಗೆ 2 ಲಿಂಗಾಕರ್ಷಕ ಬಲೆ ಕಟ್ಟಿ. 1973ರಲ್ಲಿ ಗುರುತಿಸಿದ ಹೆಣ್ಣು ಪತಂಗದ ವಾಸನೆಯೇ ಈ ಬಲೆಯ ಮದ್ದು. ಪತಂಗ ರಾತ್ರಿ ಓಡಾಡುವುದರಿಂದ ಬೆಳಿಗ್ಗೆ ಎಣಿಸಿ. ಸತತ 3 ರಾತ್ರಿ ಬಲೆಗೆ 8ರಂತೆ ಬಿದ್ದರೆ ಕೃಷಿ ಅಧಿಕಾರಿಯನ್ನು ಕೇಳಿ ಔಷಧಿ ಹೊಡೆಯಿರಿ. ಸುಮ್ಮನೆ ವಾರಕ್ಕೊಮ್ಮೆ ಹೊಡೆಯುವುದರಿಂದ ಹಣವೂ ಹಾಳು, ಮೈಯೂ ಹಾಳು.

ಆರೋಗ್ಯದ ಮಾತೊಂದು. ಜೇನುಹುಳು ಹಗಲಿನ ಕೆಲಸಗಾರ. ಸಿಂಪಡಣೆಯನ್ನು ಗಾಳಿಯಿಲ್ಲದ ಸಂಜೆಗೆ ಇಟ್ಟುಕೊಂಡರೆ ಅದೂ ಉಳಿಯುತ್ತದೆ, ಬಿಸಿಲಲ್ಲಿ ಬೆವರಿದ ಮೈಗೆ ವಿಷ ಹತ್ತುವುದೂ ಕಡಿಮೆ. ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು, ಕೆಲಸದ ನಂತರ ಸೋಪಿನ ಸ್ನಾನ ಮರೆಯಬೇಡಿ. ನಮ್ಮ ದೇಹದಲ್ಲಿಯೂ ಇಂಥ ಗಡಿಯಾರವಿದೆ. ಅದನ್ನು ತಿದ್ದುವುದು ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ನೀಲಿ ಬೆಳಕು. ಮಲಗುವ ಮುಂಚೆ ಬಹುಹೊತ್ತು ಮೊಬೈಲ್ ನೋಡಿದರೆ ನಿದ್ದೆ ದೂರವಾಗುವುದು ಈ ಕಾರಣದಿಂದಲೂ ಹೌದು.

ಅಮೆರಿಕದ ಹತ್ತಿ ಸೀಮೆಯಿಂದ ಈ ಹುಳು ಪೂರ್ತಿ ಹೋಯಿತೆಂದು 2018ರಲ್ಲಿ ಆ ಸರ್ಕಾರ ಸಾರಿತು. ಬಿಟಿ ಬೀಜ, ಬಂಜೆ ಪತಂಗಗಳ ಬಿಡುಗಡೆ, ವಾಸನೆ ಬಲೆ, ಕಟ್ಟಿಗೆ ನಾಶ ಇವೆಲ್ಲವನ್ನೂ ಅಲ್ಲಿನ ರೈತರು ಒಟ್ಟಾಗಿ ಮಾಡಿದರು. ಪತಂಗಕ್ಕೆ ಬದುವಿನ ಗಡಿ ಗೊತ್ತಿಲ್ಲ. ಒಬ್ಬರ ಹೊಲ ಶುಚಿಯಾಗಿ, ಪಕ್ಕದವರ ಹೊಲದಲ್ಲಿ ಮಾರ್ಚ್‌ವರೆಗೆ ಹತ್ತಿ ನಿಂತರೆ ಪ್ರಯೋಜನವಿಲ್ಲ. ಈ ಸಾರಿ ಊರಿನವರು ಕೂಡಿ ಕುಳಿತು, ಬೆಳೆ ಕೀಳುವ ದಿನವನ್ನು ಒಟ್ಟಿಗೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.