ಹಲಗಲಿಯ ಹೆಸರಿಲ್ಲದ ಪದಕ

ಹಿಪ್ಪರಗಿ ಬ್ಯಾರೇಜಿನ ನೀರು ಕಂಡ ನಮ್ಮ ಕೃಷ್ಣಾತೀರದ ಸೀಮೆಯನ್ನು ಇಂದು ಜನ ಕಬ್ಬಿನ ಸೀಮೆಯೆಂದು ಕರೆಯುವರು. ಇಲ್ಲಿಗೆ ಸಮೀಪದ ಮುಧೋಳ ಸೀಮೆಯ ಹಲಗಲಿಯಲ್ಲಿ 1857ರ ನವೆಂಬರ್ ಕೊನೆಗೆ ಬೇಡರು ಆಂಗ್ಲರಿಗೆ ಇದಿರಾಗಿ ನಿಂತರು. ಆ ಕಥೆಯನ್ನು ಲಾವಣಿಯಿಂದ ಬಲ್ಲೆವು. ಲಾವಣಿಕಾರನು ಹೇಳುವ ‘ಕಾರಸಾಹೇಬ’ ಯಾರೆಂಬುದನ್ನು ಮಾತ್ರ ವಿಚಾರಿಸಿದವರು ವಿರಳ.

ಅವನು ವಿಲಿಯಂ ಅಲೆಕ್ಸಾಂಡರ್ ಕೆರ್. ಜನನ 1831ರ ಜುಲೈ 18, ಸ್ಕಾಟ್‌ಲೆಂಡಿನ ಮೆಲ್‌ರೋಸ್. ಆ ಮನೆತನದ ಹೆಸರನ್ನು ‘ಕಾರ್’ ಎಂದೂ ಉಚ್ಚರಿಸುವುದುಂಟು. ನಮ್ಮ ಹಳ್ಳಿಯ ಕವಿಯ ಕಿವಿ ಬಹು ಸೂಕ್ಷ್ಮವೆನ್ನಬೇಕು. ಮುಂಬಯಿ ಸೈನ್ಯದ 24ನೆಯ ದೇಶೀಯ ಪದಾತಿದಳದ ಲೆಫ್ಟಿನೆಂಟನಾಗಿದ್ದ ಅವನು ದಕ್ಷಿಣ ಮರಾಠಾ ರಾವುತರ ಪಡೆಯಲ್ಲಿ ಸೇವೆ ಸಲ್ಲಿಸಿದನು. 1857ರಲ್ಲಿ ಕೊಲ್ಹಾಪುರದ 27ನೆಯ ದಳದ ಸಿಪಾಯಿಗಳು ಬಂಡೆದ್ದು ಒಂದು ಪಾಗಾದೊಳಗೆ ಬಾಗಿಲಿಕ್ಕಿಕೊಂಡರು. ಕೆರ್ ಸಾತಾರೆಯಿಂದ ಸುಮಾರು 75 ಮೈಲು ಕುದುರೆ ಓಡಿಸಿ ಬಂದು, ಕುದುರೆಯಿಂದಿಳಿದ ಕೆಲವೇ ರಾವುತರೊಡನೆ ಆ ಬಾಗಿಲನ್ನು ಒಡೆದು ಒಳನುಗ್ಗಿದನು. ಇದಕ್ಕಾಗಿ 1858ರ ಏಪ್ರಿಲ್‌ನಲ್ಲಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಘೋಷಿತವಾಯಿತು. ಅವನೊಡನೆ ನುಗ್ಗಿದ ದೇಶೀಯ ರಾವುತರಿಗೆ ಆ ಪದಕ ದೊರೆಯುವಂತಿರಲಿಲ್ಲ. ಭಾರತೀಯ ಸೈನಿಕರಿಗೆ ಅದರ ಬಾಗಿಲು ತೆರೆದುದು 1911ರಲ್ಲಿ.

ಕೊಲ್ಹಾಪುರದಲ್ಲಿ ಕೆರ್ ಎದುರಿಸಿದವರು ಶಿಕ್ಷಣ ಪಡೆದ ಸಿಪಾಯಿಗಳು. ಹಲಗಲಿಯಲ್ಲಿದ್ದವರು ಹಾಗಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ, ಬೇಟೆಯಿಂದಲೂ ಕಾವಲಿನಿಂದಲೂ ಬದುಕುವ ಬೇಡನಿಗೆ ಕತ್ತಿ, ಬಂದೂಕು ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟಂತೆ. ಹನುಮ, ಬಾಲ, ಜಡಗ, ರಾಮ ಮೊದಲಾದವರು ಒಪ್ಪಲಿಲ್ಲ. ದಂಡು ಬಂದಿತು, ಊರು ಸುಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳ, ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಿದರು.

ಈ ಬಂಡಾಯವನ್ನಡಗಿಸಿದವರಿಗೆಂದು 1858ರಲ್ಲಿ ಒಂದು ಬೆಳ್ಳಿಯ ಪದಕ ಸ್ಥಾಪಿತವಾಯಿತು. ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ. ಇನ್ನೊಂದರಲ್ಲಿ ಶಿರಸ್ತ್ರಾಣ ತೊಟ್ಟ ಬ್ರಿಟಾನಿಯಾ, ಕೈಯಲ್ಲಿ ಮಾಲೆ, ಬೆನ್ನ ಹಿಂದೆ ಸಿಂಹ, ಮೇಲೆ ‘ಇಂಡಿಯಾ’, ಕೆಳಗೆ ‘1857–1858’. ಬಿಳಿಯ ಪಟ್ಟಿಯಲ್ಲಿ ಎರಡು ಕೆಂಪು ಗೆರೆ. ವಿಶೇಷ ಕಾಳಗಗಳನ್ನು ಸೂಚಿಸುವ ಅಡ್ಡಪಟ್ಟಿಗಳು ಐದು. ದಿಲ್ಲಿಗೆ ಒಂದು, ಲಖನೌಗೆ ಮೂರು, ಮಧ್ಯ ಭಾರತಕ್ಕೆ ಒಂದು. ಕೊಲ್ಹಾಪುರ, ಹಲಗಲಿ, ನರಗುಂದ ಯಾವುದಕ್ಕೂ ಪಟ್ಟಿಯಿಲ್ಲ. ಪದಕ ಕೊಟ್ಟವರ ಲೆಕ್ಕದಲ್ಲಿ ನಮ್ಮ ನಾಡಿನ ಕದನಗಳು ಹೆಸರಿಡುವಷ್ಟು ದೊಡ್ಡವಾಗಿರಲಿಲ್ಲ. ನೇಣುಗಂಬ ನೆಡುವಷ್ಟು ಮಾತ್ರ ದೊಡ್ಡವಾಗಿದ್ದವು.

ಕೆರ್ 1860ರಲ್ಲಿಯೇ ಸೈನ್ಯ ಬಿಟ್ಟನು. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಮುಂದೆ ಕುದುರೆ ಸವಾರಿಯ ಕುರಿತು ಪುಸ್ತಕಗಳನ್ನು ಬರೆದು, 1919ರ ಮೇ 21ರಂದು ಇಂಗ್ಲೆಂಡಿನ ಫೋಕ್‌ಸ್ಟನ್ನಿನಲ್ಲಿ 87ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹಲಗಲಿಯವರ ಹಾಡನ್ನು ಸಂಗ್ರಹಿಸಿ ಅಚ್ಚಿಗೆ ತಂದವನೂ ಒಬ್ಬ ಆಂಗ್ಲ ಅಧಿಕಾರಿಯೇ, ಶಾಸನಗಳ ವಿದ್ವಾಂಸ ಜೆ.ಎಫ್. ಫ್ಲೀಟ್. ಆ ಲಾವಣಿಯನ್ನು ಕರ್ನಾಟಕದ ಮಕ್ಕಳು ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಓದಿದ್ದಾರೆ, ಕಾರಸಾಹೇಬನ ಹೆಸರಿನ ಸಮೇತ.