ಮಿಕ್ಕ ಅನ್ನದಿಂದ ದನಗಳಿಗೆ ಆಮ್ಲಬಾಧೆ: ಸದಸ್ಯರ ಗಮನಕ್ಕೆ



ಮದುವೆ, ಜಾತ್ರೆಗಳ ಮರುದಿನ ರಸ್ತೆಬದಿಗೆ ಸುರಿದ ಅನ್ನವನ್ನು ದನಗಳು ಹೊಟ್ಟೆ ಬಿರಿಯ ತಿನ್ನುವುದು ಸಾಮಾನ್ಯ ದೃಶ್ಯ. ಮೂಕಪ್ರಾಣಿಯ ಹಸಿವು ತಣಿಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಅದೇ ಅನ್ನ ಒಂದೆರಡು ದಿನಗಳಲ್ಲಿ ಅದರ ಪ್ರಾಣಕ್ಕೆ ಎರವಾಗಬಲ್ಲದು.

ಹಸುವಿನ ಜಠರದಲ್ಲಿ 4 ಭಾಗಗಳಿವೆ. ಅತಿ ದೊಡ್ಡದಾದ ಮೊದಲ ಭಾಗದಲ್ಲಿ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ನಿಧಾನವಾಗಿ ಕರಗಿಸುತ್ತವೆ. ಅಲ್ಲಿನ ಪಿಎಚ್ ಮೌಲ್ಯ ಸಾಮಾನ್ಯವಾಗಿ 6ರಿಂದ 7. ಅನ್ನ, ಹಿಟ್ಟು ಅಥವಾ ಕಾಳು ಒಮ್ಮೆಲೇ ಹೆಚ್ಚಾಗಿ ಸೇರಿದರೆ, ಅದರ ಪಿಷ್ಟ ಬೇಗನೆ ಹುದುಗಿ ಲ್ಯಾಕ್ಟಿಕ್ ಆಮ್ಲ ಉತ್ಪತ್ತಿಯಾಗುತ್ತದೆ. ಪಿಎಚ್ 5ಕ್ಕಿಂತಲೂ ಕೆಳಗಿಳಿಯಬಹುದು. ಆಗ ನಾರು ಕರಗಿಸುವ ಜೀವಿಗಳು ನಾಶವಾಗುತ್ತವೆ, ರಕ್ತದ ನೀರಿನಂಶ ಜಠರದೊಳಕ್ಕೆ ಸೆಳೆಯಲ್ಪಡುತ್ತದೆ, ಆಮ್ಲವು ರಕ್ತವನ್ನು ಸೇರುತ್ತದೆ.

ರಕ್ತಪರೀಕ್ಷೆಯಲ್ಲಿ ರಕ್ತ ಮಂದವಾಗಿರುವುದೂ ಬೈಕಾರ್ಬೊನೇಟ್ ಕುಸಿದಿರುವುದೂ ತಿಳಿಯುತ್ತದೆ. ಎಷ್ಟು ದ್ರವ, ಎಷ್ಟು ಸೋಡಾ ನೀಡಬೇಕೆಂಬುದನ್ನು ಪಶುವೈದ್ಯರು ನಿರ್ಧರಿಸಲು ಇದು ನೆರವಾಗುತ್ತದೆ.

ಮೇವು ಬಿಡುವುದು, ಮೆಲುಕು ನಿಲ್ಲುವುದು, ಹೊಟ್ಟೆ ಉಬ್ಬುವುದು, ಹುಳಿ ವಾಸನೆಯ ಭೇದಿ, ತೂರಾಡುವ ನಡಿಗೆ ಇದರ ಲಕ್ಷಣಗಳು. ಇವು ಕಂಡೊಡನೆ, ಹಸು ನೆಲಹಿಡಿಯುವ ಮೊದಲೇ, ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸುವಂತೆ ರೈತರಿಗೆ ಮನವರಿಕೆ ಮಾಡಿಕೊಡತಕ್ಕದ್ದು.

ಚಿಕಿತ್ಸೆಗಿಂತ ತಡೆ ಸುಲಭ, ಮತ್ತು ಅದು ನಮ್ಮ ಕೈಯಲ್ಲಿದೆ. ಸಮುದಾಯ ಭವನವನ್ನು ಬಾಡಿಗೆಗೆ ನೀಡುವಾಗಲೇ, ಉಳಿದ ಆಹಾರವನ್ನು ಬಯಲಿಗೆ ಸುರಿಯದೆ ಕಸದ ವಾಹನಕ್ಕೆ ಒಪ್ಪಿಸಬೇಕೆಂಬ ಷರತ್ತನ್ನು ವಿಧಿಸಲು ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳಬಹುದು. ಮಿಕ್ಕ ಅನ್ನ ಗೊಬ್ಬರದ ಗುಂಡಿಗೆ ಸೇರಿದರೆ ಹೊಲಕ್ಕೂ ಲಾಭ, ಹಟ್ಟಿಯ ಹಸುವಿಗೂ ಕ್ಷೇಮ.