ನೋವು ಮರೆಸುವ ಮುಲಾಮು: ಹಚ್ಚುವ ಮುನ್ನ

ಬೇಡದ ರೋಮ, ಮೊಡವೆ ಬಿಟ್ಟುಹೋದ ಗುಳಿ, ಹರೆಯದ ಹುಮ್ಮಸ್ಸಿನಲ್ಲಿ ಹಾಕಿಸಿಕೊಂಡು ಈಗ ಬೇಡವಾದ ಹಚ್ಚೆ... ಇವನ್ನೆಲ್ಲ ಹೋಗಲಾಡಿಸಲು ಇಂದು ಲೇಸರ್ ಕಿರಣಗಳಿವೆ, ಸಣ್ಣ ಸೂಜಿಗಳ ಚಿಕಿತ್ಸೆಯಿದೆ. ಮದುವೆ ಗೊತ್ತಾದವರು ಛತ್ರ ಕಾದಿರಿಸಿದಷ್ಟೇ ಸಹಜವಾಗಿ ಚರ್ಮದ ಕ್ಲಿನಿಕ್ಕಿನಲ್ಲೂ ದಿನ ಗೊತ್ತುಮಾಡಿಕೊಳ್ಳುತ್ತಾರೆ. ಅಲ್ಲಿಗೆ ಹೋದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನೋವಾಗುತ್ತದೆಯೇ?’ ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ: ‘ಕ್ರೀಮ್ ಹಚ್ಚುತ್ತೇವೆ, ಏನೂ ಗೊತ್ತಾಗುವುದಿಲ್ಲ.’

ಏನೂ ಗೊತ್ತಾಗದಂತೆ ಮಾಡುವ ಆ ಬಿಳಿ ಕ್ರೀಮಿನ ಬಗ್ಗೆ ಮಾತ್ರ ಹೆಚ್ಚಿನವರಿಗೆ ಏನೂ ಗೊತ್ತಿರುವುದಿಲ್ಲ. ಕೊಳವೆಯಲ್ಲಿ ಬರುತ್ತದೆ, ಮುಖಕ್ಕೆ ಹಚ್ಚುತ್ತಾರೆ. ಹಾಗಾಗಿ ಅದನ್ನೂ ಸ್ನೋ, ಪೌಡರುಗಳ ಸಾಲಿಗೆ ಸೇರಿಸಿಬಿಡುತ್ತೇವೆ. ವಾಸ್ತವವಾಗಿ ಅದು ಪ್ರಸಾಧನವಲ್ಲ, ಔಷಧ. ಹಲ್ಲು ಕೀಳುವ ಮೊದಲು ದಂತವೈದ್ಯರು ಒಸಡಿಗೆ ಚುಚ್ಚುವ ಅರಿವಳಿಕೆ ಮದ್ದಿನ ಕುಟುಂಬಕ್ಕೇ ಸೇರಿದ್ದು. ಚುಚ್ಚುಮದ್ದನ್ನು ಅಳೆದು ಕೊಡುತ್ತಾರೆ. ಕ್ರೀಮನ್ನು ಅಳೆಯುವವರು ಕಡಿಮೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ಎರಡು ಹರಳು ಸೇರಿ ಎಣ್ಣೆ

1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದರು. ಸ್ಥಳೀಯ ಅರಿವಳಿಕೆಯ ಯುಗ ಆರಂಭವಾದದ್ದು ಹೀಗೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಲಿಗ್ನೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಲಿಡೊಕೇನ್ ಎಂಬುದೂ ಇದರದೇ ಹೆಸರು. ಆದರೆ ಕಣ್ಣು, ಬಾಯಿಗಳ ಒದ್ದೆ ಪೊರೆಯನ್ನು ಸುಲಭವಾಗಿ ದಾಟುವ ಮದ್ದು ಆರೋಗ್ಯವಂತ ಚರ್ಮವನ್ನು ದಾಟಲಾರದು. ಚರ್ಮದ ಮೇಲಿನ ಒಣ ಪದರ ಕೋಟೆಯ ಗೋಡೆಯಂತೆ ಅಡ್ಡ ನಿಲ್ಲುತ್ತದೆ.

ಆ ಗೋಡೆಯನ್ನು ದಾಟುವ ಉಪಾಯ ಸಿಕ್ಕಿದ್ದು 1980ರ ದಶಕದಲ್ಲಿ, ಮತ್ತೆ ಸ್ವೀಡನ್ನಿನಲ್ಲೇ. ಕರ್ಪೂರ, ಪುದೀನ ಸತ್ವ, ಓಮದ ಸತ್ವ ಈ ಮೂರು ಗಟ್ಟಿ ಪದಾರ್ಥಗಳನ್ನು ಒಂದೇ ಶೀಶೆಗೆ ಹಾಕಿಟ್ಟರೆ ತಾವಾಗಿಯೇ ಕರಗಿ ನೀರಾಗುವುದನ್ನು ಅಮೃತಧಾರೆ ಮಾಡುವವರು ಬಲ್ಲರು. ಲಿಗ್ನೊಕೇನ್ ಮತ್ತು ಪ್ರಿಲೊಕೇನ್ ಎಂಬ ಎರಡು ಹರಳುಗಳೂ ಹಾಗೆಯೇ. ಸಮಪ್ರಮಾಣದಲ್ಲಿ ಬೆರೆಸಿದರೆ ಸುಮಾರು 18 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಎಣ್ಣೆಯಾಗುತ್ತವೆ. ಎಣ್ಣೆಯ ರೂಪದಲ್ಲಿ ಚರ್ಮದೊಳಕ್ಕೆ ಇಳಿಯುತ್ತವೆ. ತಲಾ ಶೇ 2.5ರಷ್ಟು ಈ ಎರಡು ಮದ್ದುಗಳಿರುವ ಕ್ರೀಮೇ ಇಂದಿಗೂ ಕ್ಲಿನಿಕ್ಕುಗಳಲ್ಲಿ ಹೆಚ್ಚು ಪರಿಚಿತ. ದಪ್ಪಗೆ ಹಚ್ಚಿ ಮುಚ್ಚಿಟ್ಟರೆ ಒಂದು ಗಂಟೆಯಲ್ಲಿ ಸುಮಾರು 3 ಮಿಲಿಮೀಟರ್, ಎರಡು ಗಂಟೆಯಲ್ಲಿ ಸುಮಾರು 5 ಮಿಲಿಮೀಟರ್ ಆಳದವರೆಗೆ ಚರ್ಮ ಮರಗಟ್ಟುತ್ತದೆ.

ಚರ್ಮದೊಳಕ್ಕೆ ಇಳಿದ ಮದ್ದು ಅಲ್ಲಿಯೇ ನಿಲ್ಲುವುದಿಲ್ಲ ಎಂಬುದು ಮರೆಯಬಾರದ ಮಾತು. ನಿಧಾನವಾಗಿ ರಕ್ತಕ್ಕೂ ಸೇರುತ್ತದೆ. ಸ್ವಲ್ಪವಾದರೆ ಯಕೃತ್ತು ಅದನ್ನು ಕರಗಿಸಿ ಹೊರಹಾಕುತ್ತದೆ. ಮಿತಿ ಮೀರಿದರೆ ಮಿದುಳು ಮತ್ತು ಹೃದಯ ತೊಂದರೆಗೆ ಸಿಲುಕುತ್ತವೆ.

ಕಾಲಿಗೆ ಹಚ್ಚಿದ್ದು ಪ್ರಾಣಕ್ಕೆ ಬಂತು

ಇದು ಪುಸ್ತಕದಲ್ಲಷ್ಟೇ ಇರುವ ಭಯವಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೊಂದು ಎಚ್ಚರಿಕೆ ನೀಡಿತು. ಅದಕ್ಕೆ ಕಾರಣ 22 ಮತ್ತು 25 ವರ್ಷದ ಇಬ್ಬರು ಯುವತಿಯರ ಸಾವು. ಕಾಲಿನ ರೋಮವನ್ನು ಲೇಸರ್‌ನಿಂದ ತೆಗೆಸಿಕೊಳ್ಳಲು ಹೊರಟಿದ್ದ ಇಬ್ಬರೂ ಔಷಧಾಲಯದಲ್ಲೇ ಬೆರೆಸಿ ತಯಾರಿಸಿದ ತೀಕ್ಷ್ಣ ಕ್ರೀಮನ್ನು ಕಾಲುಗಳಿಗೆ ಹಚ್ಚಿಕೊಂಡಿದ್ದರು. ಹೇಳಿಕೊಟ್ಟಂತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರು. ಇಬ್ಬರಿಗೂ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು, ಮತ್ತೆ ಎಚ್ಚರವಾಗಲಿಲ್ಲ.

ಇಲ್ಲಿ ಎಡವಿದ್ದು ಎಲ್ಲಿ? ಸಣ್ಣದೊಂದು ಲೆಕ್ಕ ಹಾಕಿ ನೋಡಿ. ಬೆರಳುಗಳೂ ಸೇರಿದಂತೆ ನಿಮ್ಮ ಅಂಗೈಯ ಅಗಲ ಮೈಯ ಚರ್ಮದ ಸುಮಾರು ನೂರರಲ್ಲೊಂದು ಭಾಗ. ಎರಡೂ ಕಾಲು ಪೂರ್ತಿ ಎಂದರೆ ಸುಮಾರು ಮೂವತ್ತಾರು ಅಂಗೈ. ಶೇ 2.5ರ ಜೋಡಿ ಕ್ರೀಮಿಗೇ ಐರೋಪ್ಯ ದೇಶಗಳ ಔಷಧ ಚೀಟಿ ಹಾಕಿರುವ ಗಡಿ ಬಹಳ ಚಿಕ್ಕದು. ರೋಮ ಬೋಳಿಸಿದ ದೊಡ್ಡ ಜಾಗಕ್ಕೆ, ವಯಸ್ಕರಲ್ಲಿ, ಹೆಚ್ಚೆಂದರೆ 60 ಗ್ರಾಂ ಕ್ರೀಮು, 600 ಚದರ ಸೆಂಟಿಮೀಟರ್. ಅದು ಮೂರು-ನಾಲ್ಕು ಅಂಗೈಯಷ್ಟು ಜಾಗ. ಅದಕ್ಕಿಂತ ತೀಕ್ಷ್ಣವಾದ ಕ್ರೀಮನ್ನು ಕಾಲಿನುದ್ದಕ್ಕೂ ಬಳಿದು, ಶಾಖವೂ ಬೆವರೂ ಹೊರಹೋಗದಂತೆ ಪ್ಲಾಸ್ಟಿಕ್ ಸುತ್ತಿದರೆ ಮದ್ದು ರಕ್ತಕ್ಕೆ ನುಗ್ಗದೆ ಇನ್ನೇನಾದೀತು?

ಅಂಕಿಯ ಮೋಹ ಬೇಡ

ಹೆಚ್ಚು ಶೇಕಡ ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆಯೇ ತಪ್ಪು ಆಯ್ಕೆಗೆ ಮೂಲ. ಶೇ 10ರ ಕ್ರೀಮಿನ 30 ಗ್ರಾಂ ಕೊಳವೆಯಲ್ಲಿ 3000 ಮಿಲಿಗ್ರಾಂ ಲಿಗ್ನೊಕೇನ್ ಇರುತ್ತದೆ. ಅಡ್ರಿನಲಿನ್ ಬೆರೆಸದ ಚುಚ್ಚುಮದ್ದಿನಲ್ಲಿ ವಯಸ್ಕರಿಗೆ ಒಮ್ಮೆಗೆ ಕೊಡುವ ಗರಿಷ್ಠ ಪ್ರಮಾಣ ಸಾಮಾನ್ಯವಾಗಿ 300 ಮಿಲಿಗ್ರಾಂ. ಚರ್ಮದ ಮೂಲಕ ಒಳಗೆ ಹೋಗುವುದು ಸ್ವಲ್ಪವೇ ಭಾಗ ನಿಜ. ಆದರೆ ಆ ‘ಸ್ವಲ್ಪ’ ಎಷ್ಟೆಂಬುದು ಚರ್ಮದ ಸ್ಥಿತಿಯನ್ನು ಅವಲಂಬಿಸಿದೆ. ಗಾಯ, ಕಜ್ಜಿ, ಬಿಸಿಲಿಗೆ ಸುಟ್ಟ ಚರ್ಮ, ಸೂಜಿ ಆಡಿಸಿದ ಚರ್ಮ ಇವುಗಳಲ್ಲಿ ಗೋಡೆಯೇ ಬಿರುಕು ಬಿಟ್ಟಿರುತ್ತದೆ.

ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಚರ್ಮಕ್ಕೆ ಹಚ್ಚಲು ಮಾರುವ ಕ್ರೀಮಿನಲ್ಲಿ ಲಿಡೊಕೇನ್ ಶೇ 4ನ್ನು ಮೀರುವಂತಿಲ್ಲ. ಆದರೂ ಅಂತರ್ಜಾಲದಲ್ಲಿ ಹೆಚ್ಚು ತೀಕ್ಷ್ಣವಾದವು ಮಾರಾಟವಾಗುತ್ತಿದ್ದುದನ್ನು ಕಂಡು, ಅಲ್ಲಿನ ಆಡಳಿತ 2024ರ ಮಾರ್ಚ್‌ನಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಹಚ್ಚೆ ಹಾಕುವವರಿಗೆಂದೇ ಬಣ್ಣಬಣ್ಣದ ಡಬ್ಬಿಗಳಲ್ಲಿ ಬರುವ ಸರಕಿನ ಬಗ್ಗೆ ನಮ್ಮವರೂ ಜಾಗರೂಕರಾಗಿರಬೇಕು. ಕೊಳವೆಯ ಮೇಲೆ ಔಷಧದ ಹೆಸರು, ಪ್ರತಿಯೊಂದರ ಶೇಕಡ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಲೇಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಅದು ನಿಮಗೆ ಬೇಡ.

ಇನ್ನೊಂದು ಗೊಂದಲವೂ ಇದೆ. ಔಷಧದಂಗಡಿಯಲ್ಲಿ ಸಿಗುವ ಶೇ 2ರ ಲಿಗ್ನೊಕೇನ್ ಜೆಲ್ಲಿಯನ್ನೇ ಕೆಲವರು ಮುಖಕ್ಕೆ ಬಳಿದುಕೊಳ್ಳುತ್ತಾರೆ. ಅದು ದೇಹದೊಳಗಿನ ಒದ್ದೆ ಪೊರೆಗಳಿಗಾಗಿ ಮಾಡಿದ್ದು. ಗಟ್ಟಿ ಚರ್ಮದ ಮೇಲೆ ಅಷ್ಟಾಗಿ ಕೆಲಸ ಮಾಡದು. ನಾಟಲಿಲ್ಲವೆಂದು ಮತ್ತೆ ಮತ್ತೆ ಹಚ್ಚಿಕೊಳ್ಳುವುದು ಇನ್ನೂ ಕೆಟ್ಟದ್ದು.

ಹಚ್ಚುವ ಕ್ರಮ

ಮೊದಲು ಮುಖ ತೊಳೆದು ಎಣ್ಣೆ, ಪೌಡರು ತೆಗೆಯಬೇಕು. ಚಿಕಿತ್ಸೆ ನಡೆಯುವ ಜಾಗಕ್ಕಷ್ಟೇ ಕ್ರೀಮು ಸಾಕು. ಮುಲಾಮಿನಂತೆ ತಿಕ್ಕಿ ಇಂಗಿಸುವುದಲ್ಲ, ದಪ್ಪ ಲೇಪದಂತೆ ಇಡುವುದು. ಪ್ಲಾಸ್ಟಿಕ್ ಮುಚ್ಚುವುದು ವೈದ್ಯರು ಹೇಳಿದರೆ ಮಾತ್ರ, ಅದೂ ಸಣ್ಣ ಜಾಗಕ್ಕೆ. ಕಣ್ಣಿಗೆ ತಾಗಿದರೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಪೆಟ್ಟಾಗಬಹುದಾದ್ದರಿಂದ ರೆಪ್ಪೆಯ ಹತ್ತಿರ ಬೇಡ. ಹಚ್ಚಿದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಚರ್ಮ ಮೊದಲು ಬಿಳಿಚಿಕೊಂಡು ಆಮೇಲೆ ಕೆಂಪಾದರೆ ಗಾಬರಿ ಬೇಡ, ಅದು ಸಾಮಾನ್ಯ. ಲೇಸರ್ ಅಥವಾ ಸೂಜಿ ತಾಗುವ ಮುನ್ನ ಒಂದು ಚೂರೂ ಉಳಿಯದಂತೆ ಒರೆಸಬೇಕು. ಇಲ್ಲವಾದರೆ ಸೂಜಿಯ ಜತೆ ಕ್ರೀಮೂ ಒಳಗಿಳಿಯುತ್ತದೆ.

ಮನೆಯಲ್ಲೇ ಹಚ್ಚಿಕೊಂಡು ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಹೊರಡುವ ಅಭ್ಯಾಸ ಬೇಡವೇ ಬೇಡ. ನೋಡಿಕೊಳ್ಳುವವರ ಎದುರಿಗೇ ಹಚ್ಚಿಸಿಕೊಳ್ಳಿ.

ಕಿವಿ ಚುಚ್ಚುವ ಮಗುವಿಗೆ

ಪ್ರಿಲೊಕೇನ್‌ಗೆ ಇನ್ನೊಂದು ಗುಣವಿದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವಂತೆ ಅದು ಮಾಡಬಲ್ಲದು. ಆಗ ತುಟಿ, ಉಗುರು ನೀಲಿಗಟ್ಟುತ್ತವೆ. ಹಸುಗೂಸುಗಳಿಗೆ ಈ ಅಪಾಯ ಹೆಚ್ಚು. ಕಿವಿ ಚುಚ್ಚಿಸುವಾಗ ಮಗು ಅಳಬಾರದೆಂದು ಕ್ರೀಮು ಕೇಳುವ ತಾಯ್ತಂದೆಯರು ಇದನ್ನು ತಿಳಿದಿರಬೇಕು. ಮೂರು ತಿಂಗಳೊಳಗಿನ ಮಗುವಿಗೆ ಒಟ್ಟು 1 ಗ್ರಾಂ, ಮೂರರಿಂದ ಹನ್ನೆರಡು ತಿಂಗಳವರೆಗೆ 2 ಗ್ರಾಂ, ಒಂದು ಗಂಟೆಗಿಂತ ಹೆಚ್ಚು ಬೇಡ. ಇದು ಐರೋಪ್ಯ ಚೀಟಿಯ ಮಿತಿ. ಅದೂ ಮಕ್ಕಳ ವೈದ್ಯರು ಒಪ್ಪಿದರೆ ಮಾತ್ರ. ಜಿ6ಪಿಡಿ ಕಿಣ್ವದ ಕೊರತೆಯಿರುವವರು, ಡ್ಯಾಪ್ಸೋನ್ ಅಥವಾ ಸಲ್ಫಾ ಮಾತ್ರೆ ನುಂಗುವವರು, ಹೃದಯದ ಬಡಿತಕ್ಕೆ ಔಷಧ ತೆಗೆದುಕೊಳ್ಳುವವರು, ಯಕೃತ್ತಿನ ಕಾಯಿಲೆಯವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ಹೇಳಬೇಕು.

ನೋವೂ ಮಾತಾಡುತ್ತದೆ

ಎಲ್ಲ ಚಿಕಿತ್ಸೆಗೂ ಈ ಕ್ರೀಮು ಬೇಕೆಂದೇನಿಲ್ಲ. ರೋಮ ತೆಗೆಯುವ ಲೇಸರ್‌ಗೆ ಎಷ್ಟೋ ಸಲ ತಣ್ಣನೆ ಗಾಳಿ ಅಥವಾ ಯಂತ್ರದ ತಂಪು ತುದಿಯೇ ಸಾಕಾಗುತ್ತದೆ. ನಮ್ಮ ಕಂದು ಚರ್ಮದಲ್ಲಿ ವರ್ಣದ್ರವ್ಯ ಹೆಚ್ಚಿರುವುದರಿಂದ ಅದು ಲೇಸರ್‌ನ ಶಾಖವನ್ನು ಹೆಚ್ಚು ಹೀರುತ್ತದೆ. ಯಂತ್ರದ ಶಕ್ತಿ ಅತಿಯಾದಾಗ ‘ಅಯ್ಯೋ, ಸುಡುತ್ತಿದೆ’ ಎಂದು ನೀವು ಕೂಗಿದರೆ ನಿರ್ವಾಹಕರು ಕೈ ತಡೆಯುತ್ತಾರೆ. ಪೂರ್ತಿ ಮರಗಟ್ಟಿದ ಚರ್ಮ ಆ ಸುದ್ದಿಯನ್ನು ಮುಟ್ಟಿಸುವುದಿಲ್ಲ. ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾಗುತ್ತದೆ. ಆದ್ದರಿಂದ ನೋವನ್ನು ತಾಳಬಲ್ಲಷ್ಟಕ್ಕೆ ತಗ್ಗಿಸಿದರೆ ಸಾಕು, ಪೂರ್ತಿ ಅಳಿಸಬೇಕೆಂದಿಲ್ಲ.

ಕ್ರೀಮು ಹಚ್ಚಿದ ಮೇಲೆ ನಾಲಿಗೆ, ತುಟಿಯ ಸುತ್ತ ಜೋಮು ಹಿಡಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಕಿವಿ ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ, ಸ್ನಾಯು ಅದುರಿದರೆ ಸಂಕೋಚ ಬೇಡ. ತಕ್ಷಣ ಕ್ರೀಮು ಒರೆಸಿ ತೊಳೆದು ಆಸ್ಪತ್ರೆಗೆ ಹೋಗಬೇಕು, ಕೊಳವೆಯನ್ನೂ ಜತೆಗೊಯ್ಯಬೇಕು. ಇದಕ್ಕೆ ಚಿಕಿತ್ಸೆಯಿದೆ, ಆದರೆ ತಡಮಾಡುವಂತಿಲ್ಲ.

ಅದಕ್ಕೇ ಮುಂದಿನ ಸಲ ‘ನೋವಾಗುತ್ತದೆಯೇ?’ ಎಂದು ಕೇಳಿದ ಮೇಲೆ ಇನ್ನು ಮೂರು ಪ್ರಶ್ನೆ ಸೇರಿಸಿ: ‘ಈ ಕ್ರೀಮಿನಲ್ಲಿ ಏನಿದೆ, ಎಷ್ಟು ಶೇಕಡ? ಎಷ್ಟು ಜಾಗಕ್ಕೆ, ಎಷ್ಟು ಹೊತ್ತು? ಏನಾದರೂ ಆದರೆ ಇಲ್ಲಿ ವೈದ್ಯರು ಇರುತ್ತಾರೆಯೇ?’ ಉತ್ತರ ತಡವರಿಸಿದರೆ ಚಿಕಿತ್ಸೆಯನ್ನು ಇನ್ನೊಂದು ದಿನಕ್ಕೆ, ಇನ್ನೊಂದು ಕಡೆಗೆ ಮುಂದೂಡಿದರೆ ನಷ್ಟವೇನಿಲ್ಲ.